ಮೊಗ್ಗಿನೊಳಗಣ ಪಾಲು

ನಮ್ಮ ಶಾಲೆಯ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಪುಟಗಳು ಪರೀಕ್ಷೆಯ ಫಲಿತಾಂಶಗಳಿಂದಲೂ ಕೃತಜ್ಞತೆಯ ಮಾತುಗಳಿಂದಲೂ ತುಂಬಿರುವುದು ವಾಡಿಕೆ. ಈ ಸಲ ಅವೆರಡನ್ನೂ ವಾರ್ಷಿಕ ವರದಿಗೆ ಬಿಟ್ಟುಕೊಟ್ಟು, ಹಳೆಯ ವಿದ್ಯಾರ್ಥಿನಿಯರಾದ ನಿಮ್ಮೊಡನೆಯೂ, ಮಕ್ಕಳನ್ನು ನಮ್ಮಲ್ಲಿಗೆ ಕಳುಹಿಸುತ್ತಿರುವ ತಾಯಿತಂದೆಗಳೊಡನೆಯೂ ಬೇರೊಂದು ವಿಷಯವನ್ನು ಮಾತನಾಡಲು ಬಯಸುತ್ತೇವೆ. ಅದು ಗಿಡಗಳ ಜೀವಕೋಶಗಳು ಒಡೆದು ಹಲವಾಗುವ ಬಗೆಯನ್ನು ಕುರಿತದ್ದು. ಒಣ ವಿಷಯವೆಂದು ಪುಟ ತಿರುವದಿರಬೇಕಾಗಿ ಪ್ರಾರ್ಥನೆ. ಕೊನೆಯಲ್ಲಿ ನಮ್ಮದೊಂದು ಬೇಡಿಕೆಯೂ ಉಂಟು. ಅದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ನಮ್ಮ ಹತ್ತನೆಯ ತರಗತಿಯ ಹುಡುಗಿಯರು ಈರುಳ್ಳಿಯನ್ನು ನೀರು ತುಂಬಿದ ಲೋಟದ ಬಾಯಿಗೆ ಕೂರಿಸಿ, ಕೆಲವು ದಿನಗಳಲ್ಲಿ ಬಿಳಿಯ ಬೇರುಗಳು ಇಳಿದ ಮೇಲೆ ಅವುಗಳ ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಮೆತ್ತಗಾಗಿಸಿ, ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಊಡಿಸಿ, ಗಾಜಿನ ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಒತ್ತುತ್ತಾರೆ. ಒತ್ತುವುದರಲ್ಲಿಯೇ ಇದೆ ಕೌಶಲ. ಹೆಚ್ಚಾದರೆ ಗಾಜು ಒಡೆಯುವುದು, ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಬಿದ್ದು ಏನೂ ಕಾಣದು. ಸರಿಯಾಗಿ ಒತ್ತಿದವಳಿಗೆ ಸೂಕ್ಷ್ಮದರ್ಶಕದಡಿಯಲ್ಲಿ ಕೆಂಪು ನೂಲಿನ ತುಂಡುಗಳಂತೆ ವರ್ಣತಂತುಗಳು ಕಾಣುವುವು. ಈರುಳ್ಳಿಯಲ್ಲಿ ಅವು 16. ಒಂದೊಂದು ತಂತುವೂ ಉದ್ದಕ್ಕೆ ಸೀಳಿ, ಈ ಕಡೆಗೆ 16, ಆ ಕಡೆಗೆ 16 ಸರಿಯುವುವು. ನಡುವೆ ಗೋಡೆ ಬೆಳೆದು ಒಂದು ಕೋಶ ಎರಡಾಗುವುದು. ಬೇರು ಬೆಳೆಯುವುದೆಂದರೆ ಇದೇ.

ಹೂವಿನಲ್ಲಿ ನಡೆಯುವುದು ಬೇರೆ. ಪರಾಗದಿಂದ 16, ಅಂಡದಿಂದ 16 ಬಂದು ಕೂಡಿದರೆ ಮರಿಗಿಡಕ್ಕೆ 32, ಅದರ ಮರಿಗೆ 64 ಆಗಿ ಲೆಕ್ಕಕ್ಕೆ ಕೊನೆಯೇ ಇರದು. ಆದುದರಿಂದ ಹೂವು ಅರಳುವುದಕ್ಕೆ ಮುಂಚೆಯೇ, ಮುಚ್ಚಿದ ಮೊಗ್ಗಿನೊಳಗೆ, ತಂತುಗಳ ಸಂಖ್ಯೆಯನ್ನು 8ಕ್ಕೆ ಇಳಿಸುವ ವಿಶೇಷ ವಿಭಜನೆಯೊಂದು ನಡೆಯುವುದು. ಇದಕ್ಕೆ 1905ರಲ್ಲಿ ಫಾರ್ಮರ್ ಮತ್ತು ಮೂರ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು, ಕುಗ್ಗುವಿಕೆ ಎಂಬರ್ಥದ ಗ್ರೀಕ್ ಪದದಿಂದ, ಮಿಯೋಸಿಸ್ ಎಂಬ ಹೆಸರಿಟ್ಟರು. ಬರಿಯ ಕುಗ್ಗುವಿಕೆಯೇ ಆಗಿದ್ದರೆ ಅದು ಕೇವಲ ಲೆಕ್ಕಾಚಾರ. ಅರ್ಧವಾಗುವುದಕ್ಕೆ ಮೊದಲು ತಾಯಿಯ ಕಡೆಯ ತಂತುವೂ ತಂದೆಯ ಕಡೆಯ ತಂತುವೂ ಜೋಡಿಯಾಗಿ ಮಗ್ಗುಲಲ್ಲಿ ಮಲಗಿ, ತಮ್ಮ ತುಣುಕುಗಳನ್ನು ಬದಲಾಯಿಸಿಕೊಳ್ಳುವುವು. ಮಲ್ಲಿಗೆಯ ಮಾಲೆಯೊಂದನ್ನೂ ಕನಕಾಂಬರದ ಮಾಲೆಯೊಂದನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡನ್ನೂ ಒಂದೇ ಅಳತೆಗೆ ಕತ್ತರಿಸಿ, ಅದರ ತುದಿಯನ್ನು ಇದಕ್ಕೂ ಇದರ ತುದಿಯನ್ನು ಅದಕ್ಕೂ ಕಟ್ಟಿದರೆ ಹೇಗೋ ಹಾಗೆ. ಆದ್ದರಿಂದಲೇ ಒಂದೇ ಕಾಯಿಯ ಬೀಜಗಳಾದರೂ ಒಂದರಂತೆ ಒಂದು ಇರುವುದಿಲ್ಲ.

ಇಂಥ ವಿನಿಮಯ ನಡೆಯುತ್ತಿರಬೇಕೆಂದು, ಹಣ್ಣಿನ ನೊಣಗಳನ್ನು ಸಾಕಿ ಲೆಕ್ಕವಿಟ್ಟ ಮಾರ್ಗನ್ ಎಂಬ ಪಂಡಿತರು ಮೊದಲೇ ಊಹಿಸಿದ್ದರು. ಆದರೆ ತಂತುಗಳ ತುಣುಕುಗಳೇ ನಿಜವಾಗಿ ಕೈಬದಲಾಗುವುವೆಂಬುದನ್ನು ತೋರಿಸುವುದು ಹೇಗೆ? ಎರಡೂ ಬಿಳಿಯ ಮಾಲೆಗಳಾದರೆ ಕತ್ತರಿಸಿ ಕಟ್ಟಿದ ಗುರುತು ಯಾರಿಗೆ ತಿಳಿದೀತು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಳದ ಹೊಲದಲ್ಲಿ—ನಾವು ಮುಸುಕಿನ ಜೋಳವೆನ್ನುವುದು ಅದು—ದುಡಿಯುತ್ತಿದ್ದ ಕುಮಾರಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರು ಒಂಬತ್ತನೆಯ ತಂತುವಿನ ಒಂದು ತುದಿಯಲ್ಲಿ ಗಂಟನ್ನೂ, ಇನ್ನೊಂದು ತುದಿಯಲ್ಲಿ ಎಂಟನೆಯ ತಂತುವಿನಿಂದ ಬಂದು ಅಂಟಿಕೊಂಡ ತುಣುಕನ್ನೂ ಹೊಂದಿದ ಗಿಡವನ್ನು ಗುರುತಿಸಿದ್ದರು. ಆ ತಂತುವಿನಲ್ಲಿಯೇ ಕಾಳಿನ ಬಣ್ಣದ ಗುಣವೂ ಹಿಟ್ಟಿನ ಗುಣವೂ ಇದ್ದುವು. ವೆಲ್ಸ್ಲಿ ಮಹಿಳಾ ಕಾಲೇಜಿನಿಂದ ಬಂದಿದ್ದ ಕುಮಾರಿ ಹ್ಯಾರಿಯೆಟ್ ಕ್ರೈಟನ್ ಅವರಿಗೆ ಈ ಗಿಡವನ್ನು ಒಪ್ಪಿಸಲಾಯಿತು. ಬಿತ್ತಿ, ಬೆಳೆಸಿ, ಪರಾಗವಿಟ್ಟು, ಕಾಳುಗಳನ್ನು ವಿಂಗಡಿಸಿ, ಆ ಕಾಳುಗಳಿಂದ ಬೆಳೆದ ಗಿಡಗಳ ಎಳೆಯ ಸೂಲಂಗಿಗಳನ್ನು ಬಿಡಿಸಿ ನೋಡಲಾಗಿ, ಎಲ್ಲಿ ಗುಣಗಳು ಬೆರೆತಿದ್ದುವೋ ಅಲ್ಲಿ ತಂತುವಿನ ಗುರುತುಗಳೂ ಬೆರೆತಿದ್ದುವು: ಗಂಟು ಉಂಟು, ತುಣುಕಿಲ್ಲ, ತುಣುಕುಂಟು, ಗಂಟಿಲ್ಲ. ಇನ್ನೊಂದು ಬೆಳೆಯನ್ನು ನೋಡಿ ಪ್ರಕಟಿಸೋಣವೆಂದಿದ್ದವರನ್ನು, ಅಲ್ಲಿಗೆ ಬಂದಿದ್ದ ಮಾರ್ಗನ್ ಅವರೇ ತಡಮಾಡಬೇಡಿರೆಂದು ಒತ್ತಾಯಿಸಿದರು. 1931ರ ಆಗಸ್ಟ್ ತಿಂಗಳಲ್ಲಿ ಲೇಖನ ಅಚ್ಚಾದಾಗ ಒಬ್ಬರಿಗೆ 29 ವರ್ಷ, ಇನ್ನೊಬ್ಬರಿಗೆ 22. ಜೋಳದ ಮೇಲಣ ಮತ್ತೊಂದು ಶೋಧಕ್ಕಾಗಿ ಮೆಕ್‌ಕ್ಲಿಂಟಾಕ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು 1983ರಲ್ಲಿ, 81ನೆಯ ವಯಸ್ಸಿನಲ್ಲಿ. ಕ್ರೈಟನ್ ಅವರು ತಾವು ಓದಿದ ಕಾಲೇಜಿಗೇ ಹಿಂದಿರುಗಿ ದೀರ್ಘಕಾಲ ಹುಡುಗಿಯರಿಗೆ ಪಾಠ ಹೇಳಿದರು. ನಮಗೆ ಈ ಎರಡನೆಯವರ ಮೇಲೆ ತುಸು ಪಕ್ಷಪಾತವಿದ್ದರೆ ವಾಚಕರು ಮನ್ನಿಸಬೇಕು.

ಅಮೆರಿಕದವರ ಮಾತು ನಮಗೇಕೆನ್ನುವವರುಂಟು. ಅದೇ 1931ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪದವಿಯನ್ನು ಪಡೆದವರು ತಲಚೇರಿಯಲ್ಲಿ ಹುಟ್ಟಿದ ಇ. ಕೆ. ಜಾನಕಿ ಅಮ್ಮಾಳ್ ಅವರು. ಅವರ ಮೊದಲ ಓದು ಆ ಊರಿನ ಕಾನ್ವೆಂಟ್ ಶಾಲೆಯಲ್ಲಿ. ಮದರಾಸಿನಲ್ಲಿ ಕಲಿತು, ಅಲ್ಲಿನ ಮಹಿಳಾ ಕ್ರೈಸ್ತ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದು, ಏಷ್ಯದ ಮಹಿಳೆಯರಿಗೆಂದೇ ಇಟ್ಟಿದ್ದ ಬಾರ್ಬರ್ ವಿದ್ಯಾರ್ಥಿವೇತನದಿಂದ ಹೊರದೇಶಕ್ಕೆ ಹೋದರು. ಕೊಯಮತ್ತೂರಿನ ಕಬ್ಬಿನ ಸಂಶೋಧನಾಲಯದಲ್ಲಿ ಕಬ್ಬಿಗೂ ಮುಸುಕಿನ ಜೋಳಕ್ಕೂ ಸಂಕರ ಮಾಡಿ ಅದರ ತಂತುಗಳನ್ನು ಎಣಿಸಿದರು. ಬೆಳೆಗಿಡಗಳ ತಂತುಸಂಖ್ಯೆಗಳ ಮಹಾಕೋಶವನ್ನು 1945ರಲ್ಲಿ ಡಾರ್ಲಿಂಗ್ಟನ್ ಅವರೊಡನೆ ಹೊರತಂದರು. ಇಂಗ್ಲೆಂಡಿನ ವಿಸ್ಲಿ ತೋಟದಲ್ಲಿ ಮ್ಯಾಗ್ನೋಲಿಯಾ ಗಿಡಗಳಿಗೆ ಕಾಲ್ಚಿಸಿನ್ ಎಂಬ ವಿಷವನ್ನು ಸೋಂಕಿಸಿ ತಂತುಗಳನ್ನು ಇಮ್ಮಡಿಗೊಳಿಸಿದರು. (ಆ ವಿಷ ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇದೆ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿರಿ.) 1977ರಲ್ಲಿ ಪದ್ಮಶ್ರೀ ಪಡೆದು, 1984ರಲ್ಲಿ ತೀರಿಕೊಂಡರು.

ಈ ವಿದ್ಯೆಯ ಪ್ರಯೋಜನವನ್ನು ಕೇಳುವವರು ಬಾಳೆಯ ಹಣ್ಣನ್ನು ನೋಡಲಿ. ಬೀಜ ತುಂಬಿದ ಕಾಡುಬಾಳೆಗೆ 22 ತಂತುಗಳು. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವುಗಳಿಗೆ 33. ಮೂರು ಮೂರಾಗಿರುವುದು ಜೋಡಿಯಾಗಲಾರದು, ಪಾಲು ಸರಿಹೋಗದು, ಬೀಜ ಕಟ್ಟದು. ಆದುದರಿಂದಲೇ ಕಂದು ನೆಡುತ್ತೇವೆ. ಸಂಕರದ ಬೀಜವನ್ನು ರೈತನು ವರ್ಷವರ್ಷವೂ ಕೊಳ್ಳಬೇಕಾಗಿರುವುದಕ್ಕೂ ಮೊಗ್ಗಿನೊಳಗಣ ಬೆರಕೆಯೇ ಕಾರಣ. ಆ ಬೆರಕೆಯನ್ನು ತಪ್ಪಿಸಿ, ತಾಯಿಯಂತೆಯೇ ಇರುವ ಬೀಜ ಕೊಡುವ ಭತ್ತವನ್ನು 2019ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಪ್ರಯೋಗಶಾಲೆಯಲ್ಲಿ ಬೆಳೆಸಿ ತೋರಿಸಿದರು.

ಕಳೆದ ವರ್ಷದ ಪಾಲಕರ ಸಭೆಯಲ್ಲಿ ಒಬ್ಬ ತಾಯಿ, "ಅಮ್ಮಾ, ಈರುಳ್ಳಿ ಹೆಚ್ಚುವುದನ್ನು ನಾನು ಮನೆಯಲ್ಲಿಯೇ ಕಲಿಸಿದ್ದೇನೆ, ಅದಕ್ಕೆ ಇನ್ನೂ ಎರಡು ವರ್ಷ ಕಾಲೇಜು ಏತಕ್ಕೆ?" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆಕೆಯದು ಹಾಸ್ಯವಾಗಿರಲಿಲ್ಲ. ವಿಜ್ಞಾನ ಕಲಿಸುವ ಕಾಲೇಜು ಪಕ್ಕದ ಪಟ್ಟಣದಲ್ಲಿ. ವಸತಿಗೃಹದ ಶುಲ್ಕ ಬೇರೆ. ಮನೆಯಲ್ಲಿ ಇನ್ನಿಬ್ಬರು ಚಿಕ್ಕವರು. ಮಗಳು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೇರು ಒತ್ತುವವಳು. ಸಭೆ ಮುಗಿದ ಮೇಲೆ ಅವಳು ತಾಯಿಯನ್ನು ಪ್ರಯೋಗಶಾಲೆಗೆ ಕರೆದೊಯ್ದು ತೋರಿಸಿದಳು. ಆಕೆ ಬಹಳ ಹೊತ್ತು ನೋಡಿ, "ಮನುಷ್ಯರಲ್ಲಿಯೂ ಹೀಗೆಯೋ?" ಎಂದು ಕೇಳಿದರು. ಹೀಗೆಯೇ; 46ರಲ್ಲಿ 23 ನಿಮ್ಮಿಂದ ಬಂದದ್ದು ಎಂದೆವು. "ಅದರಲ್ಲಿ ನನ್ನ ತಾಯಿಯದೂ ಉಂಟೋ?" ಉಂಟು, ನಿಮ್ಮ ತಂದೆಯದೂ ಬೆರೆತು ಉಂಟು ಎಂದೆವು. ಆಕೆ ಮತ್ತೊಮ್ಮೆ ಬಗ್ಗಿ ನೋಡಿದರು. ಕಾಲೇಜಿನ ಮಾತನ್ನು ಅಂದು ಆಡಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಹುಡುಗಿಯನ್ನು ಸೇರಿಸಿದರು. ಎರಡನೆಯ ವರ್ಷದ ಹಣಕ್ಕೆ ಏನು ಮಾಡುವುದೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಈಗ ಬೇಡಿಕೆ. ನಮ್ಮಲ್ಲಿರುವುದು ಒಂದೇ ಒಳ್ಳೆಯ ಸೂಕ್ಷ್ಮದರ್ಶಕ. ತರಗತಿಯಲ್ಲಿ 38 ಹುಡುಗಿಯರು. ಒಬ್ಬೊಬ್ಬಳಿಗೆ ಒಂದು ನಿಮಿಷ ದೊರೆಯುವುದೂ ಕಷ್ಟ. ಹಳೆಯ ವಿದ್ಯಾರ್ಥಿನಿಯರು ಕೂಡಿ ಇನ್ನೊಂದನ್ನು ಕೊಡಿಸುವಿರಾದರೆ ಶಾಲೆ ಋಣಿಯಾಗಿರುವುದು. ಅದಕ್ಕಿಂತ ಮೊದಲು ಆ ಹುಡುಗಿಯ ಎರಡನೆಯ ವರ್ಷಕ್ಕೆ ನೆರವಾಗುವವರಿದ್ದರೆ ಕಚೇರಿಗೆ ತಿಳಿಸಬೇಕು. ಹಿತ್ತಲಿನ ಪಾತಿಯಲ್ಲಿ ಬೀಜಕ್ಕಾಗಿ ಬಿಟ್ಟ ಈರುಳ್ಳಿ ಈಗ ಮೊಗ್ಗಾಗಿದೆ. ಶನಿವಾರಗಳಂದು ಬೆಳಿಗ್ಗೆ ಮೊಗ್ಗು ಬಿಡಿಸುತ್ತೇವೆ. ನೋಡಬಯಸುವ ತಾಯಂದಿರು ಒಂಬತ್ತು ಗಂಟೆಯೊಳಗೆ ಬರಬೇಕಾಗಿ ವಿನಂತಿ.