ಸತ್ಯವೆಂಬ ಹೆಸರಿನ ಪಾನಶಾಲೆ

ಅಮೆರಿಕೆಯ ದೂರದರ್ಶನದಲ್ಲಿ 2014ರಿಂದ 2020ರವರೆಗೆ ‘ಪವರ್’ ಎಂಬ ಧಾರಾವಾಹಿಯೊಂದು ಪ್ರಸಾರವಾಯಿತು. ನ್ಯೂಯಾರ್ಕ್ ನಗರದ ರಾತ್ರಿ ಕ್ಲಬ್ಬೊಂದರ ಮಾಲೀಕನ ಉತ್ಕರ್ಷವೇ ಅದರ ಕಥಾವಸ್ತು. ಲೋಕದ ಕಣ್ಣಿಗೆ ಆತ ಗಣ್ಯ ಉದ್ಯಮಿ. ಮರೆಯಲ್ಲಿ ಮಾದಕ ವಸ್ತುಗಳ ದೊಡ್ಡ ವ್ಯಾಪಾರಿ. ಆ ಕ್ಲಬ್ಬಿನ ಹೆಸರು ‘ಟ್ರೂತ್’, ಎಂದರೆ ಸತ್ಯ! ಕಥೆ ಬರೆದವರು ನಗುತ್ತಲೇ ಈ ಹೆಸರನ್ನಿಟ್ಟಿರಬೇಕು.

ಪರದೇಶದ ಪಾನಶಾಲೆಗೂ ಮಠದ ಮಾಸಪತ್ರಿಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವನ್ನು ತಂದು ಮುಂದಿಟ್ಟವನು ನನ್ನ ಮೊಮ್ಮಗ. ರಾಯಚೂರಿನಲ್ಲಿ ಕಾಲೇಜು ಓದುವ ಹುಡುಗ. ದೀಪಾವಳಿಯ ರಜೆಯಲ್ಲಿ ಮೊಬೈಲನ್ನು ನನ್ನ ಮುಂದೆ ಹಿಡಿದು, “ತಾತ, ಇಂವ ಬೀದಿಯಿಂದ ಬಂದಾಂವ, ಹೆಂಗ ಮ್ಯಾಲ ಏರ್ಯಾನ ನೋಡ್ರಿ” ಎಂದ. ಬೆಲೆಬಾಳುವ ಉಡುಪು ತೊಟ್ಟ ವ್ಯಕ್ತಿಯೊಬ್ಬ ದೀಪಗಳ ನಡುವೆ ಗಂಭೀರವಾಗಿ ನಡೆದು ಬರುತ್ತಿದ್ದ. ಅರ್ಧ ನಿಮಿಷದ ದೃಶ್ಯ. “ಕಡೀಗೆ ಇವನ ಗತಿ ಏನಾತು?” ಎಂದೆ. “ಅದು ಗೊತ್ತಿಲ್ಲ ತಾತ, ಇಷ್ಟೇ ಬರ್ತದ” ಎಂದ. ಒಟ್ಟು 63 ಕಂತುಗಳ ಕಥೆಯಲ್ಲಿ ಅವನು ಕಂಡಿದ್ದುದು ಇಂಥ ತುಣುಕುಗಳನ್ನು ಮಾತ್ರ. ಏರಿದ್ದು ತುಣುಕಿನಲ್ಲಿ ಹಿಡಿಸುತ್ತದೆ, ಇಳಿದದ್ದು ಹಿಡಿಸುವುದಿಲ್ಲ.

ಹಾಗಾದರೆ ಪೂರ್ತಿ ತೋರಿಸೆಂದು ಹಟ ಹಿಡಿದೆ. ರಜೆ ಮುಗಿಯುವವರೆಗೆ ರಾತ್ರಿ ಊಟವಾದ ಮೇಲೆ ನೋಡಿದೆವು. ಎಲ್ಲವನ್ನೂ ಅಲ್ಲ, ಆದರೆ ಮೊದಲನ್ನೂ ಕೊನೆಯನ್ನೂ ನೋಡಿದೆವು. ಹಿರಿಯರೊಡನೆ ಕುಳಿತು ನೋಡಬಾರದ ದೃಶ್ಯ ಬಂದಾಗಲೆಲ್ಲ ಅವನೇ ಮುಖ ಕೆಂಪಗೆ ಮಾಡಿಕೊಂಡು ಮುಂದಕ್ಕೆ ಓಡಿಸಿದ. ಕಥೆ ನಾನು ಎಣಿಸಿದಷ್ಟು ಹಗುರವಾದುದಲ್ಲವೆಂದು ಒಪ್ಪಿಕೊಳ್ಳಲೇಬೇಕು. ಆ ಮಾಲೀಕನಿಗೆ ಪಾಪದ ವ್ಯಾಪಾರ ಬಿಟ್ಟು ಮರ್ಯಾದೆಯಿಂದ ಬಾಳುವ ಆಸೆ. ಆದರೆ ಕ್ಲಬ್ಬನ್ನು ಎತ್ತಿ ನಿಲ್ಲಿಸಿದ್ದೇ ಆ ಹಣ. ಬಿಡಲು ಇಡುವ ಒಂದೊಂದು ಹೆಜ್ಜೆಯೂ ಹೊಸ ಕೊಲೆಯನ್ನು ಬೇಡುತ್ತದೆ. ಕೊನೆಗೆ ಅದೇ ‘ಸತ್ಯ’ದೊಳಗೆ ಸ್ವಂತ ಮಗನೇ ಅವನಿಗೆ ಗುಂಡಿಕ್ಕುತ್ತಾನೆ. ಅಂದು ರಾತ್ರಿ ಮೊಮ್ಮಗ ಬಹಳ ಹೊತ್ತು ಮಾತನಾಡದೆ ಮಲಗಿಬಿಟ್ಟ.

ಕನ್ನಡದಲ್ಲಿಯೂ ಇದೇ ನಡೆದಿದೆ. 1995ರ ‘ಓಂ’ ಚಿತ್ರ ಅರ್ಚಕರ ಮಗನೊಬ್ಬ ರೌಡಿಯಾದ ಕಥೆ. ಅದರಲ್ಲಿ ನಿಜ ಜೀವನದ ರೌಡಿಗಳೇ ಬಣ್ಣ ಹಚ್ಚಿದ್ದರು. ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಆಧರಿಸಿ 2007ರಲ್ಲಿ ‘ಆ ದಿನಗಳು’ ಬಂದಿತು. ಬೆಂಗಳೂರಿನ ಎಂ.ಪಿ. ಜಯರಾಜನ ಏಳಿಗೆಯನ್ನು ಕುರಿತ ‘ಹೆಡ್ ಬುಷ್’ 2022ರಲ್ಲಿ ತೆರೆ ಕಂಡಿತು. ಆ ಜಯರಾಜ 1989ರಲ್ಲಿ ಹಾಡುಹಗಲೇ ಕೊಲೆಯಾದ. ಅವನಿಗಿಂತ ಮುಂಚೆ, 1986ರಲ್ಲಿ, ಕೊತ್ವಾಲ ರಾಮಚಂದ್ರ ಹತನಾಗಿದ್ದ. ಇವರ ಹೆಸರು ಬಲ್ಲ ನಮ್ಮ ಮಾನವಿ, ದೇವದುರ್ಗದ ಹುಡುಗರಿಗೆ ಇವರ ಸಾವಿನ ವರ್ಷ ಗೊತ್ತಿಲ್ಲ. ಗೊತ್ತಿರುವುದು ಲಾಂಗು, ಜೀಪು, ಹಿಂದೆ ನಿಂತ ಜನ.

ಕಳ್ಳನ ಕಥೆ, ಹೆಂಡದಂಗಡಿಯವನ ಕಥೆ ಶರಣ ಪರಂಪರೆಗೆ ಹೊಸತೇನಲ್ಲ. ಮನೆಗಳಿಗೆ ಕನ್ನ ಕೊರೆಯುತ್ತಿದ್ದ ಮಾರಿತಂದೆ ಶರಣನಾದ. ಹೆಂಡ ಮಾರುತ್ತಿದ್ದ ಮಾರಯ್ಯ ಶರಣನಾದ. ಭಟ್ಟಿ, ಮಡಕೆ, ಮತ್ತು ಇವೇ ಮಾರಯ್ಯನ ವಚನಗಳ ಸಾಮಗ್ರಿಯಾದವು. ಕುಡಿಯಲು ಬಂದವರಿಗೆ ಅವನು ಬುದ್ಧಿ ಹೇಳುತ್ತಿದ್ದನೆಂದು ಪ್ರತೀತಿ. ಅವನು ಎಷ್ಟು ಕೊಡ ಮಾರಿದ, ಮಾರಿತಂದೆ ಎಷ್ಟು ಮನೆಗೆ ಕನ್ನವಿಟ್ಟ ಎಂಬ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಹಳೆಯ ಕಸುಬಿನ ಹೆಸರನ್ನು ಮಾತ್ರ ಅವರಿಂದ ಕಳಚಲಿಲ್ಲ. ಇಂದಿಗೂ ಅವರು ಹೆಂಡದ ಮಾರಯ್ಯ, ಕನ್ನದ ಮಾರಿತಂದೆಗಳೇ.

ಧಾರಾವಾಹಿ ನೋಡುವಾಗ ನನಗೆ ಪದೇ ಪದೇ ನೆನಪಾದವಳು ಮಾತ್ರ ಆಯ್ದಕ್ಕಿ ಲಕ್ಕಮ್ಮ. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವಳು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಆಕೆ ಸಂತೋಷಪಡಲಿಲ್ಲ, ಹೆಚ್ಚಿನದನ್ನು ತಿರುಗಿ ಹಾಕಿ ಬಾ ಎಂದಳು. ನ್ಯೂಯಾರ್ಕಿನ ಆ ಮಾಲೀಕನ ಹೆಂಡತಿಗೆ ಹಣದ ಮೂಲ ಚೆನ್ನಾಗಿ ತಿಳಿದಿದೆ. ದಂಧೆ ಬಿಡುತ್ತೇನೆಂಬ ಗಂಡನ ಮಾತಿಗೆ ಮೊದಮೊದಲು ಅವಳ ಸಮ್ಮತಿಯೇ ಇಲ್ಲ. ಉಂಡವರು ಯಾರು, ಕಳೆದುಕೊಂಡವರು ಯಾರೆಂದು ಆ ಮನೆಯಲ್ಲಿ ಕೇಳುವವರಿಲ್ಲ.

ಕ್ಲಬ್ಬಿಗೆ ಬಂದು ಹೋದವರ ಮನೆಗೆ ಕ್ಯಾಮರಾ ಹೋಗುವುದೂ ಅಪರೂಪ. ನಮ್ಮ ಸೀಮೆಯಲ್ಲಿ ಹೋಗಿ ನೋಡುವುದು ಕಷ್ಟವಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೆ ರಾಯಚೂರಿನ ಪಾಲಿಗೆ ಕಲಬೆರಕೆ ಸೇಂದಿಯ ಪೀಡೆ ಉಳಿದೇ ಬಂದಿತು. ಅದರಲ್ಲಿ ಈಚಲ ರಸ ಹೆಸರಿಗಷ್ಟೇ. ನೀರಿಗೆ ಬೆರೆಸುವುದು ಸಿ.ಎಚ್. ಪುಡಿ, ಎಂದರೆ ಕ್ಲೋರಲ್ ಹೈಡ್ರೇಟ್. ಹಿಂದೆ ವೈದ್ಯರು ನಿದ್ರೆ ಬರಿಸಲು ಕೊಡುತ್ತಿದ್ದ ರಾಸಾಯನಿಕ. ರೂಢಿಯಾದ ಶರೀರಕ್ಕೆ ಅದು ಒಮ್ಮೆಗೇ ತಪ್ಪಿದರೆ ಕೈಕಾಲು ನಡುಗುತ್ತವೆ, ನಾಲಿಗೆ ತೊದಲುತ್ತದೆ, ಮನುಷ್ಯ ಇಲ್ಲದ್ದನ್ನು ಕಂಡು ಚೀರುತ್ತಾನೆ, ಫಿಟ್ಸು ಬರುತ್ತದೆ. ಹೀಗಾಗಿ ಪೋಲೀಸರು ಅಂಗಡಿ ಮುಚ್ಚಿಸಿದ ದಿನವೇ ಕುಡಿಯುವವನ ಮನೆಯಲ್ಲಿ ಗೋಳು ಹೆಚ್ಚು.

ಪರಿಚಯದವರೊಬ್ಬರನ್ನು ನೋಡಲು ರಾಯಚೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಪಕ್ಕದ ಮಂಚದಲ್ಲಿ ದೇವದುರ್ಗದ ಕಡೆಯ ಒಬ್ಬಾತನನ್ನು ಮಲಗಿಸಿದ್ದರು. ಬಿದ್ದಾನೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಹೆಂಡತಿ ಹತ್ತಿ ಬಿಡಿಸುವ ಕೂಲಿಯವಳು. ಬೆರಳುಗಳ ತುದಿಯೆಲ್ಲ ಗೀರಿತ್ತು. ಯಾರು ಮಾರಿದರೆಂದು ಅವಳು ಬೈಯಲಿಲ್ಲ, ಅಳಲೂ ಇಲ್ಲ. ನನ್ನನ್ನು ನೋಡಿ ಕೇಳಿದ್ದು ಇಷ್ಟೇ: “ಯಪ್ಪಾ, ಇವತ್ತಿನ ಕೂಲಿ ಅಂತೂ ಹೋತು. ನಾಳಿಗರ ಮನಿಗಿ ಬಿಡ್ತಾರೇನ್ರಿ?”