ಕೈಗಡದ ಟಿಪ್ಪಣಿ

ಸರ್ವಜ್ಞನ ಊರೆಂದು ಹೆಸರಾದ ಅಬಲೂರಿನ ನಮ್ಮ ಮನೆಯಲ್ಲಿ ಕುಳಿತು, ಝಕಾತ್ ಲೆಕ್ಕಕ್ಕೆ ಮುನ್ನ ಹನ್ನೆರಡು ವರ್ಷದ ಜಮಾಖರ್ಚನ್ನು ಹಳೆಯ ತಂತ್ರಾಂಶದಿಂದ ಗ್ನೂಕ್ಯಾಶ್‌ಗೆ ಸಾಗಿಸಿದೆವು. ನಡುವಿನ ದುಭಾಷಿ ಕ್ಯೂಐಎಫ್ ಕಡತ. ಅದರಲ್ಲಿ 3/4 ಎಂದರೆ ಮಾರ್ಚ್ 4ನೇ ತಾರೀಖೂ ಆದೀತು, ಏಪ್ರಿಲ್ 3ನೆಯದೂ ಆದೀತು. ಬ್ಯಾಂಕಿನಿಂದ ಕೈಗೆ ಬಂದ ಹಣ ಎರಡೂ ಖಾತೆಯಲ್ಲಿರುವುದರಿಂದ ಎರಡು ಸಲ ಎಣಿಕೆಯಾದೀತು. ಪಾಸ್‌ಬುಕ್ ಎದುರಿಟ್ಟು ಸರಿಪಡಿಸಿದೆವು.

ಆದರೆ ನಮ್ಮ ಉರ್ದು ಟಿಪ್ಪಣಿಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಹಳೆಯ ಕಂಪ್ಯೂಟರು ಅಷ್ಟರಲ್ಲಿ ಗುಜರಿ ಸೇರಿತ್ತು. 'ಇತರೆ ಆದಾಯ'ದಲ್ಲಿ 40,000 ರೂಪಾಯಿ ಕುಳಿತಿತ್ತು. ಕಥೆ ಬರೆದು ಅಷ್ಟು ಕಂಡವರಲ್ಲ ನಾವು! ರಾತ್ರಿಯೆಲ್ಲ ತಡಕಾಡಿದ ಮೇಲೆ ನೆನಪಾಯಿತು: ಅಮ್ಮಿಯ ಚಿಕಿತ್ಸೆಗೆ ಪಕ್ಕದ ಓಣಿಯ ಗೋವಿನಜೋಳದ ವ್ಯಾಪಾರಿ ಕೊಟ್ಟ ಬಡ್ಡಿಯಿಲ್ಲದ ಕೈಗಡ. ಸಾಲದ ಖಾತೆ ತೆರೆಯುವ ಸೋಮಾರಿತನಕ್ಕೆ ಆದಾಯದಲ್ಲಿ ಹಾಕಿ, ವಿಷಯವನ್ನು ಟಿಪ್ಪಣಿಯಲ್ಲಷ್ಟೇ ಬರೆದಿದ್ದೆವು. ಸಾಲವನ್ನು ಬರೆದಿಡಿ ಎನ್ನುತ್ತದೆ ಕುರ್‌ಆನ್. ಬರೆದಿದ್ದೆವು, ಬರಹ ಉಳಿಯಲಿಲ್ಲ. ತೀರಿಸಿದ್ದೆಷ್ಟು?

ಅವರೀಗ ಇಲ್ಲ. ಮಗ ಪೆಟ್ಟಿಗೆಯಿಂದ ಕೆಂಪು ರಟ್ಟಿನ ಪುಸ್ತಕ ತೆಗೆದ. ನಮ್ಮ ಹೆಸರಿನ ಮುಂದೆ 15,000 ಬಾಕಿ.

"ಕೇಳಲಿಲ್ಲ ಯಾಕೆ?" ಎಂದೆವು.

"ಅಪ್ಪ ಕೇಳಬ್ಯಾಡ ಅಂದಿದ್ರು."

ಮರುದಿನ ಹಣ ಮುಟ್ಟಿಸಿ ಬಂದು, ಆ ಜಮೆಯನ್ನು ಆದಾಯದಿಂದ ಸಾಲದ ಖಾತೆಗೆ ಎತ್ತಿಟ್ಟೆವು. ಹೆಸರನ್ನು ಈ ಸಲ ಉರ್ದುವಿನಲ್ಲೂ ಕನ್ನಡದಲ್ಲೂ ಬರೆದು, ಒಂದು ಪ್ರತಿಯನ್ನು ಕಾಗದದ ಮೇಲೂ ತೆಗೆದುಕೊಂಡೆವು.