ನಿಂತ ಮುಳ್ಳು

ಹಳೆಯ ಲಾರಿಯ ವೇಗಮಾಪಕದ ಮುಳ್ಳು ಸೊನ್ನೆಯಲ್ಲಿಯೇ ನಿಂತುಬಿಟ್ಟರೆ ಚಾಲಕನು ಎಂಜಿನ್ನಿನ ಸದ್ದನ್ನೇ ನಂಬಬೇಕಾಗುತ್ತದೆ. ಬಯಲುಸೀಮೆಯಲ್ಲಿ ಅಷ್ಟು ಸಾಕಾದೀತು. ಭಾರ ಹೇರಿಕೊಂಡು ಘಟ್ಟವನ್ನಿಳಿಯುವಾಗ ಕಿವಿಯ ಅಂದಾಜು ಪ್ರಾಣಕ್ಕೆ ಸಂಚಕಾರ ತರಬಹುದು.

ಜರ್ಮನಿಯ ಓಟ್ಟೋ ಶುಲ್ಟ್ಸೆ ಎಂಬವನು 1902ರಲ್ಲಿ ಪೇಟೆಂಟು ಪಡೆದ ಈ ಯಂತ್ರದ ಯುಕ್ತಿ ಸೊಗಸಾದುದು. ಗೇರುಪೆಟ್ಟಿಗೆಯಿಂದ ಬಂದ ತಂತಿಯು ಒಂದು ಅಯಸ್ಕಾಂತವನ್ನು ತಿರುಗಿಸುವುದು. ಅದನ್ನು ಕವಿದಿರುವ ಅಲ್ಯುಮಿನಿಯಂ ಬಟ್ಟಲು ಅದನ್ನು ಮುಟ್ಟದಿದ್ದರೂ, ತನ್ನಲ್ಲಿ ಹುಟ್ಟುವ ಸುಳಿವಿದ್ಯುತ್ತಿನ ಬಲದಿಂದ ಅದರೊಡನೆ ತಿರುಗಲು ಹವಣಿಸುವುದು. ಕೂದಲೆಳೆಯಂತಹ ಸುರುಳಿಯೊಂದು ಬಟ್ಟಲನ್ನು ಹಿಂದಕ್ಕೆಳೆಯುವುದು. ಈ ಎರಡು ಸೆಳೆತಗಳು ಸಮನಾದೆಡೆಯಲ್ಲಿ ಮುಳ್ಳು ನಿಲ್ಲುವುದು.

ನುರಿತ ಮೇಸ್ತ್ರಿಯು ತಿರುಪು ಬಿಚ್ಚುವ ಮುನ್ನ ಮೈಲಿ ಎಣಿಸುವ ಅಂಕೆಗಳನ್ನು ನೋಡುತ್ತಾನೆ. ಅವು ಹಲ್ಲುಚಕ್ರಗಳಿಂದ ನಡೆಯತಕ್ಕವು. ಅಂಕೆಗಳು ಓಡುತ್ತ ಮುಳ್ಳು ಮಾತ್ರ ನಿಂತಿದ್ದರೆ ದೋಷವು ಮಾಪಕದೊಳಗಿದೆ. ಎರಡೂ ನಿಂತಿದ್ದರೆ ಬಹುಮಟ್ಟಿಗೆ ತಂತಿಯೇ ತುಂಡಾಗಿರುತ್ತದೆ. ಹೊಸ ತಂತಿಗೆ ಗ್ರೀಸನ್ನು ತೆಳುವಾಗಿ ಸವರಿ, ಮಾಪಕದ ಕಡೆಯ ತುದಿಯನ್ನು ಒಣದಾಗಿಯೇ ಬಿಡಬೇಕು. ಹೆಚ್ಚಾದ ಗ್ರೀಸು ಮೇಲೇರಿ ಬಟ್ಟಲಿಗೆ ಮೆತ್ತಿದರೆ ಮುಳ್ಳು ಸುಳ್ಳು ವೇಗವನ್ನು ತೋರಿಸುವುದು. ನಿಂತ ಮುಳ್ಳಿನ ಮುಂದೆ ಚಾಲಕನು ಎಚ್ಚರವಾಗಿರುವನು. ಸುಳ್ಳು ತೋರಿಸುವ ಮುಳ್ಳನ್ನು ನಂಬಿ ಮೈಮರೆಯುವನು. ಅರ್ಧ ರಿಪೇರಿಯು ಅದಕ್ಕಾಗಿಯೇ ಹೆಚ್ಚು ಅಪಾಯಕರವಾದುದು.